ಯಾರ ಪೈಕಿ ನೀ?

ನಿಮಗೂ ಹೀಗಾಗಿದೆಯೇ, ಹೇಳಿ. ಮಕ್ಕಳಿಗೆ ನೀವೇ ಕೂತು ಕಲಿಸಿದ ಒಂದು ಒಳ್ಳೆಯ ಗುಣ ಒಂದು ದಿನ ಎದುರಿಗೆ ಬಂದು ನಿಂತು ನಿಮ್ಮನ್ನೇ ಹೆದರಿಸಿದ್ದುಂಟೇ? ಕೆಟ್ಟ ಚಾಳಿಯ ಮಾತಲ್ಲ. ಅದಕ್ಕೆ ಬೈಯಬಹುದು, ಎರಡು ದಿನ ಮಾತು ಬಿಡಬಹುದು. ನಾನು ಹೇಳುತ್ತಿರುವುದು ನಾಲ್ಕು ಜನ ಮೆಚ್ಚಿ ಬೆನ್ನು ತಟ್ಟುವ ಗುಣದ ಬಗ್ಗೆ.

ನಮ್ಮ ದಾಂಡೇಲಿ, ಹಳಿಯಾಳ, ಮುಂಡಗೋಡ ಕಡೆಯ ಮಕ್ಕಳಿಗೆ ಮಾತು ಬಂದ ಕೂಡಲೇ ಒಂದು ಪ್ರಶ್ನೆ ಎದುರಾಗುತ್ತದೆ. ಯಾರ ಪೈಕಿ ನೀ? ಯಾರ ಮನೆಯವಳು, ಯಾರ ಬಳಗದವಳು, ಎಲ್ಲಿಂದ ಬಂದವರು ನಿಮ್ಮವರು ಎಂದು ಅರ್ಥ. ಬಸ್ಸಿನಲ್ಲಿ ಕೇಳುತ್ತಾರೆ, ಹಿಟ್ಟಿನ ಗಿರಣಿಯಲ್ಲಿ ಕೇಳುತ್ತಾರೆ, ದವಾಖಾನೆಯ ಬಾಕಿನ ಮೇಲೆ ಜ್ವರದಿಂದ ಮುಲುಗುತ್ತಿರುವ ಮಗುವನ್ನೂ ಬಿಡದೆ ಕೇಳುತ್ತಾರೆ. ಅದರಲ್ಲೂ ದಾಂಡೇಲಿಯಲ್ಲಿ ಎಲ್ಲರೂ ಎಲ್ಲಿಂದಲೋ ಬಂದವರೇ. ಕಾಗದದ ಮಿಲ್ಲಿನ ಕೆಲಸಕ್ಕೆಂದು ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಇಲ್ಲೇ ಉಳಿದವರ ಊರು ಇದು. ಹೀಗಾಗಿ ಆ ಪ್ರಶ್ನೆಗೆ ಇಲ್ಲಿ ತೂಕ ಹೆಚ್ಚು. ಕೇಳಿದರೆ ಪೂರ್ತಿ ಹೇಳಬೇಕು. ಅಪ್ಪನ ಹೆಸರು, ಅಪ್ಪನ ಊರು, ಮಿಲ್ಲಿನಲ್ಲಿ ಯಾವ ಕೆಲಸ, ಮನೆ ಯಾವ ಓಣಿ, ಅವ್ವನ ತವರು ಎಲ್ಲಿ. ಅರ್ಧಕ್ಕೆ ನಿಲ್ಲಿಸಿದ ಮಗುವಿಗೆ ಸೊಕ್ಕಿನ ಕೂಸು ಎಂಬ ಹೆಸರು ಬರುತ್ತದೆ, ತಾಯಿಗೆ ಏನೂ ಕಲಿಸದವಳು ಎಂಬ ಹೆಸರು.

ನನ್ನ ಮಗಳು ಇದರಲ್ಲಿ ಬಹಳ ಚುರುಕು. ಅಂಗನವಾಡಿಗೆ ಹೋಗುವ ವಯಸ್ಸಿನಲ್ಲೇ, ಯಾರಾದರೂ ಕೇಳಿದರೆ ಸಾಕು, ಕೈ ಹಿಂದೆ ಕಟ್ಟಿಕೊಂಡು ಪದ್ಯ ಹೇಳುವ ಧಾಟಿಯಲ್ಲಿ ಶುರು ಮಾಡುತ್ತಿದ್ದಳು.

"ನಮ್ಮಪ್ಪ ಮಿಲ್ಲಿನಾಗ ಮಷೀನ ರಿಪೇರಿ ಮಾಡ್ತಾನ್ರೀ. ನಮ್ಮೂರ ಧಾರವಾಡ ಕಡೆರೀ. ನಮ್ಮ ಮನಿ ಅಂಬೇವಾಡಿ ಒಳಗೈತ್ರೀ. ನಮ್ಮ ದೊಡ್ಡವ್ವ ಜೊಯಿಡಾದಾಗ ಅದಾಳ್ರೀ."

ಕೇಳಿದವರು ಗಲ್ಲ ಹಿಂಡಿ ಪೆಪ್ಪರಮಿಂಟು ಕೊಡುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಸುಳ್ಳೇಕೆ, ಹೆಮ್ಮೆಯಾಗುತ್ತಿತ್ತು.

ಈಗ ಅವಳು ಆರನೆಯ ತರಗತಿ. ಶಾಲೆಯಲ್ಲಿ ಇಂಟರ್ನೆಟ್ಟಿನ ಬಗ್ಗೆ ಪಾಠ ಮಾಡಿದ್ದರು. ಗೋಡೆಗೆ ಒಂದು ಚಿತ್ರವನ್ನೂ ಅಂಟಿಸಿದ್ದರು. ಕತ್ತಲ ಕೋಣೆ, ಕರಿ ಟೊಪ್ಪಿಗೆಯ ಅಂಗಿ ತೊಟ್ಟ ಮನುಷ್ಯ, ಮುಖದ ಜಾಗದಲ್ಲಿ ಬರೀ ನೆರಳು, ಮುಂದೆ ಲ್ಯಾಪ್‌ಟಾಪು. ಕೆಳಗೆ ದೊಡ್ಡ ಅಕ್ಷರದಲ್ಲಿ, ಅಪರಿಚಿತರೊಡನೆ ಮಾಹಿತಿ ಹಂಚಿಕೊಳ್ಳಬೇಡಿ. ಮಗಳು ಅದನ್ನು ಬಾಯಿಪಾಠ ಮಾಡಿ ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮುಂದೆ ಹೇಳಿ ಬಂದಳು. ಮನೆಗೆ ಬಂದು ನಮಗೂ ಪಾಠ ಮಾಡಿದಳು. ಅವರಪ್ಪ ಉಣ್ಣುತ್ತಾ ಕೂತಿದ್ದರು.

"ಅಪರಿಚಿತರು ಅಂದ್ರ ಯಾರಪಾ?" ಎಂದು ಅವರನ್ನೇ ಕೇಳಿದಳು.

"ಗುರ್ತ ಇಲ್ಲದಾವ್ರು."

ಅವಳು ಬೆರಳು ಮಡಚಿ ಓಣಿಯವರನ್ನೆಲ್ಲ ಎಣಿಸಿದಳು. "ನಮ್ಮೂರಾಗ ಅಂಥಾವ್ರು ಯಾರೂ ಇಲ್ಲಲ್ಲ."

ನಾವಿಬ್ಬರೂ ನಕ್ಕೆವು. ನಕ್ಕು ಸುಮ್ಮನಾದೆವು. ಅಪರಿಚಿತ ಎಂಬುದು ಪುಸ್ತಕದ ಶಬ್ದ. ಅವಳಿಗೆ ಅದರ ಅರ್ಥ ಇಷ್ಟೇ: ಕರಿ ಟೊಪ್ಪಿಗೆ ಹಾಕಿಕೊಂಡು ದೂರದ ಯಾವುದೋ ಕತ್ತಲ ಕೋಣೆಯಲ್ಲಿ ಕೂತು, ನಮಗೆ ತಿಳಿಯದ ಭಾಷೆಯಲ್ಲಿ ಮಾತನಾಡುವವನು.

ಡಿಸೆಂಬರಿನ ಒಂದು ರವಿವಾರ ಮಧ್ಯಾಹ್ನ. ನಮ್ಮ ಕಡೆಯ ಚಳಿಗಾಲದ ಮಧ್ಯಾಹ್ನಗಳನ್ನು ನೀವು ನೋಡಿಲ್ಲದಿದ್ದರೆ ಹೇಗೆ ಹೇಳಲಿ. ಬಿಸಿಲು ಬರುತ್ತದೆ, ಆದರೆ ಬಂದದ್ದು ಬಿಸಿಲೋ, ಬಿಸಿಲಿನ ನೆನಪೋ ಗೊತ್ತಾಗುವುದಿಲ್ಲ. ಮಿಲ್ಲಿನ ಹಬೆ ಕೆಲಸಗಾರರ ಕಾಲನಿ ಬಂಗೂರನಗರದ ಮೇಲಿಂದ ಎದ್ದು, ಅವಸರವೇ ಇಲ್ಲದೆ ಬಿಚ್ಚಿಕೊಂಡು, ಎಲ್ಲಿ ಮೋಡವಾಯಿತೋ ತಿಳಿಯದಂತೆ ಮೋಡವಾಗಿಬಿಡುತ್ತದೆ. ಗಾಳಿ ತಿರುಗಿದರೆ ಬೇಯುವ ಬಿದಿರಿನದೋ ಹಳೆಯ ಕೋಸಿನದೋ ಎಂಬಂಥ ವಾಸನೆ. ನಮಗೆ ಅದು ರೂಢಿ. ತವರಿಗೆ ಹೋದಾಗ ಆ ವಾಸನೆ ಇಲ್ಲದೆ ನಿದ್ದೆ ಹತ್ತದ ಹಾಗೆ ಆಗುತ್ತದೆ. ಗಂಡ ಶಿಫ್ಟಿಗೆ ಹೋಗಿದ್ದರು. ನಾನು ಅವರೆಕಾಯಿ ಸುಲಿಯುತ್ತಾ ಅರೆನಿದ್ದೆಯಲ್ಲಿದ್ದೆ. ಮಗಳು ಕಿಟಕಿಯ ಹತ್ತಿರದ ಮಂಚದ ಮೇಲೆ ಬೋರಲು ಮಲಗಿ ನನ್ನ ಹಳೆಯ ಫೋನಿನಲ್ಲಿ ಆಟ ಆಡುತ್ತಿದ್ದಳು. ಮನೆ ಕಟ್ಟುವ ಆಟ. ಅದರಲ್ಲಿ ಹೊಡೆದಾಟ, ಗುಂಡು, ರಕ್ತ ಏನೂ ಇಲ್ಲ ಎಂದು ನೋಡಿಯೇ ಕೊಟ್ಟಿದ್ದೆ.

"ಅವ್ವಾ, ಶನಿವಾರ ದೊಡ್ಡವ್ವನ ಮನಿಗೆ ನೀನೂ ಬರ್ತೀಯೋ, ನಾ ಒಬ್ಬಾಕಿನ ಹೋಗೂದೋ?"

"ಯಾಕ, ಒಬ್ಬಾಕಿ ಹೋಗೂವಷ್ಟ ದೊಡ್ಡಾಕಿ ಆದೇನ?"

"ಹಂಗಲ್ಲ ಬೇ. ಒಬ್ಬ ಅಕ್ಕ ಕೇಳಾಕತ್ತಾಳ."

"ಯಾವ ಅಕ್ಕ?"

"ಆಟದಾಗಿನ ಅಕ್ಕ."

ಅವರೆಕಾಯಿ ಕೈಯಲ್ಲೇ ಉಳಿಯಿತು. "ಆಟದಾಗ ಎಂಥಾ ಅಕ್ಕ?"

"ನಮ್ಮ ಕಡೆ ಅಕ್ಕ. ಹಳಿಯಾಳದಾಕಿ. ಭಾಳ ಛಲೋ ಅದಾಳ. ನಿನಗ ಹೇಳಬ್ಯಾಡ ಅಂದಿದ್ಲು. ಆದ್ರ ನೀ ಬರ್ತೀಯೋ ಇಲ್ಲೋ ನಿನ್ನ ಕೇಳಲಾರದ ನಾ ಹೆಂಗ ಹೇಳ್ಲಿ?"

ಅವಳ ಮುಖದಲ್ಲಿ ಕಳ್ಳತನದ ಸುಳಿವೇ ಇರಲಿಲ್ಲ. ಬಿಸಿಲು ಅವಳ ಕಿವಿಯ ಹಾಲೆಯನ್ನು ಹಾದು ಗುಲಾಬಿಯಾಗಿ ಕಾಣುತ್ತಿತ್ತು. ನಾನು ಕೈ ಒರೆಸಿಕೊಂಡು ಫೋನು ಇಸಿದುಕೊಂಡೆ.

ಆಟದ ಮೂಲೆಯಲ್ಲಿ ಮಾತಾಡುವುದಕ್ಕೂ ಒಂದು ಕಿಂಡಿ ಇರುತ್ತದೆಂದು ನನಗೆ ಅವತ್ತು ತಿಳಿಯಿತು. ಒತ್ತಿದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಉದ್ದಕ್ಕೂ. ಮೊದಲು ಮನೆ ಚಂದ ಕಟ್ಟೀದಿ ಎಂಬ ಹೊಗಳಿಕೆ. ಬಾಗಿಲಿಗೆ ಯಾವ ಬಣ್ಣ ಎಂಬ ಮಾತು. ಆಮೇಲೆ ಒಂದು ಸಾಲು.

ಯಾರ ಪೈಕಿ ನೀ?

ನಿಜ ಹೇಳಬೇಕೆಂದರೆ ಅದನ್ನು ಓದಿ ಮೊದಲು ನನಗೆ ನಗುವೇ ಬಂತು. ಅಷ್ಟು ಮನೆಯ ಮಾತು ಅದು. ನಗು ಮುಗಿಯುವ ಮೊದಲೇ ಕಣ್ಣು ಕೆಳಗಿನ ಸಾಲಿಗೆ ಹೋಯಿತು. ಅಲ್ಲಿ ನನ್ನ ಮಗಳು ಪೂರ್ತಿ ಪದ್ಯ ಬರೆದಿದ್ದಳು. ಅಪ್ಪನ ಹೆಸರು, ಕೆಲಸ, ಊರು, ಓಣಿ. ಒಂದನ್ನೂ ಬಿಟ್ಟಿರಲಿಲ್ಲ. ಅದರ ಕೆಳಗೆ ಸಣ್ಣ ಸಣ್ಣ ತುಣುಕು. ಸಾಲಿ ಎಷ್ಟಕ್ಕ ಬಿಡತೈತಿ. ಅಪ್ಪಂದು ಈ ವಾರ ಯಾವ ಶಿಫ್ಟು. ಜೊಯಿಡಾಕ ಯಾವ ಬಸ್ಸಿಗೆ ಹೋಗ್ತಿ. ಪ್ರತಿಯೊಂದಕ್ಕೂ ಅವಳು ಅಚ್ಚುಕಟ್ಟಾಗಿ ಉತ್ತರ ಕೊಟ್ಟಿದ್ದಳು. ಕೊನೆಯಲ್ಲಿ, ಶನಿವಾರ ಒಬ್ಬಾಕಿನ ಬರ್ತಿ ಏನ, ನಾನೂ ಅದ ಬಸ್ಸಿಗೆ ಬರ್ತೇನಿ, ಅವ್ವಗ ಹೇಳಬ್ಯಾಡ. ಅದೊಂದಕ್ಕೆ ಉತ್ತರ ಬಾಕಿ ಇತ್ತು.

ನಾನು ಮತ್ತೆ ಮತ್ತೆ ಓದಿದೆ. ಏನು ಹುಡುಕುತ್ತಿದ್ದೆ ಗೊತ್ತೇ? ಒಂದು ತಪ್ಪು. ಒಂದಾದರೂ ಹೊರಗಿನ ಶಬ್ದ, ನಮ್ಮವರು ಆಡದ ಒಂದು ಮಾತು. ಸಿಕ್ಕಿದ್ದರೆ ಮಗಳಿಗೆ ತೋರಿಸಿ, ನೋಡು, ಇವರು ನಮ್ಮ ಕಡೆಯವರಲ್ಲ ಎಂದು ಹೇಳಿ ನಾನೂ ಉಸಿರು ಬಿಡುತ್ತಿದ್ದೆ. ಸಿಗಲಿಲ್ಲ. ಬರೆದವರು ನಮ್ಮ ಕಡೆಯವರೇ. ನಾಳೆ ಸಂತೆಯಲ್ಲಿ ನನ್ನ ಪಕ್ಕದಲ್ಲೇ ನಿಂತು ಮೆಣಸಿನಕಾಯಿ ಆರಿಸಬಹುದಾದವರು.

ಆಮೇಲೆ ನಾನು ಮಾಡಿದ್ದು ನೀವೂ ಮಾಡುತ್ತಿದ್ದಿರಿ. ಕೂಗಾಡಿದೆ.

"ಎಲ್ಲಾ ಯಾಕ ಹೇಳಿದಿ? ಹೂಂ? ಯಾರೋ ಏನೋ, ಮನಿ ಓಣಿ ಸುದ್ದಾ ಹೇಳೀದಿಯಲ್ಲ, ತಲಿ ಐತಿಲ್ಲ ನಿನಗ?"

ಅವಳು ಮಂಚದ ಮೇಲೆ ಎದ್ದು ಕೂತಳು. ಮೊದಲು ಅವಳಿಗೆ ಅರ್ಥವೇ ಆಗಲಿಲ್ಲ. "ಕೇಳಿದ್ರ ಪೂರಾ ಹೇಳಬೇಕು, ಅರ್ಧಾ ಹೇಳಿದ್ರ ಸೊಕ್ಕು ಅಂತಾರ ಅಂತ ನೀನ ಹೇಳಿದ್ದೆಲ್ಲ."

ಮಾತು ನನ್ನದೇ. ಅದಕ್ಕೇ ಇನ್ನೂ ಜೋರಾಗಿ ಕೂಗಿದೆ.

ಗಂಡ ಶಿಫ್ಟು ಮುಗಿಸಿ ಬಂದವರು ಚಹಾ ಕೂಡ ಕುಡಿಯದೆ ಪೊಲೀಸ್ ಠಾಣೆಗೆ ಹೊರಟರು. ನಾನೂ ಹೋದೆ. ಅಲ್ಲಿ ಒಬ್ಬ ಹೆಣ್ಣುಮಗಳು, ವಯಸ್ಸಿನಲ್ಲಿ ನನಗಿಂತ ಸಣ್ಣವಳು, ಫೋನು ಇಸಿದುಕೊಂಡು ಸಮಾಧಾನದಿಂದ ಎಲ್ಲವನ್ನೂ ಓದಿದಳು.

"ಅಳಿಸಿಲ್ಲಲ್ರೀ? ಛಲೋ ಆತು. ಈ ಮಾತಿಂದೆಲ್ಲಾ ಫೋಟೋ ತಕ್ಕೊಂಡು ಇಟಗೋರಿ, ಆಮ್ಯಾಲೆ ಬ್ಲಾಕ್ ಮಾಡ್ರಿ. ಹುಡುಗೀಗೆ ಬೈಬ್ಯಾಡ್ರಿ."

"ಬೈದಾಗೇತ್ರಿ," ಎಂದೆ.

"ಹಂಗಾರ ಇಲ್ಲಿಗೆ ಸಾಕ ಮಾಡ್ರಿ," ಎಂದಳು, ತಲೆ ಎತ್ತದೆ ಬರೆದುಕೊಳ್ಳುತ್ತಾ.

ಆ ಖಾತೆ ಮರುದಿನವೇ ಮಾಯವಾಯಿತು. ಅದು ಯಾರು, ಹೆಣ್ಣೋ ಗಂಡೋ, ನಿಜವಾಗಿ ಹಳಿಯಾಳದವರೋ, ಇವತ್ತಿಗೂ ಗೊತ್ತಿಲ್ಲ. ಕೊನೆಯಲ್ಲಿ ಹೇಳುತ್ತೇನೆಂದು ಕಾಯಬೇಡಿ. ಆ ಶನಿವಾರ ನಾವು ಯಾವ ಬಸ್ಸನ್ನೂ ಹತ್ತಲಿಲ್ಲ. ಅಷ್ಟು ಮಾತ್ರ ಗೊತ್ತು.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ನಿಜವಾದ ಹೆದರಿಕೆ ಶುರುವಾದದ್ದು ಆಮೇಲೆ. ಮಗಳು ಮಾತು ನಿಲ್ಲಿಸಿದಳು. ಮನೆಯಲ್ಲಿ ಊಟ ಹಾಕು, ಪೆನ್ಸಿಲ್ ಕೊಡು ಎಂಬಷ್ಟು ಮಾತು ಇತ್ತು. ಹೊರಗೆ ಯಾರೇ ಏನೇ ಕೇಳಿದರೂ ತುಟಿ ಬಿಗಿದುಕೊಂಡು ನೆಲ ನೋಡುತ್ತಿದ್ದಳು. ಹಾಲಿನವನು ಕೇಳಿದರೂ ಅಷ್ಟೇ, ನೆರೆಯವರು ಕೇಳಿದರೂ ಅಷ್ಟೇ. ಓಣಿಯ ತುದಿಯಲ್ಲಿ ಗ್ಯಾರೇಜ್ ಇಟ್ಟಿರುವ ಕಾಕಾ ಅವಳ ಸೈಕಲ್ಲಿಗೆ ದಿನಾ ಗಾಳಿ ಹಾಕಿಕೊಡುವವರು. ಅವರೇ ಒಂದು ದಿನ ನನ್ನನ್ನು ನಿಲ್ಲಿಸಿದರು.

"ಏನ್ರೀ, ಬೇಟಿಗೆ ನಮ್ ಮ್ಯಾಲ ಸಿಟ್ಟೇನ್ರೀ? ಸಾಲಿ ಹೆಂಗ್ ನಡದೈತಿ ಬೇಟಾ ಅಂತ ಕೇಳಿದ್ರ, ಪೋಲೀಸ್ರು ಕೇಳಿದಂಗ ಮಾಡ್ತಾಳ."

ಗಂಡನಿಗೆ ಇದರಿಂದ ಸಮಾಧಾನವೇ ಆಗಿತ್ತು. "ಛಲೋ ಆತು. ಬಾಯಿ ಬಂದ್ ಇತ್ತಂದ್ರ ಯಾರೂ ಏನೂ ಮಾಡಾಂಗಿಲ್ಲ."

"ನಮಗೂ ಬಂದ್ ಆಗೇತಲ್ರೀ," ಎಂದೆ.

ನನ್ನನ್ನು ಕೊರೆಯುತ್ತಿದ್ದದ್ದು ಅದೇ. ಆ ರವಿವಾರ ನನ್ನ ಮಗಳು ಉಳಿದದ್ದು ನನ್ನ ಎಚ್ಚರದಿಂದಲ್ಲ, ಶಾಲೆಯ ಚಿತ್ರದಿಂದಲೂ ಅಲ್ಲ. ಅವಳು ಬಾಯಿಬಿಟ್ಟು ನನ್ನನ್ನು ಕೇಳಿದಳು, ಅದರಿಂದ. ನಾನು ಕೂಗಾಡಿ ಆ ಬಾಯಿಯನ್ನೇ ಮುಚ್ಚಿಸಿದ್ದೆ. ಇನ್ನೊಮ್ಮೆ ಅಂಥದ್ದು ಬಂದರೆ, ಬಂದೇ ಬರುತ್ತದೆ, ಈ ಕಾಲದಲ್ಲಿ ಬಾರದೆ ಎಲ್ಲಿಗೆ ಹೋಗುತ್ತದೆ, ಇವಳು ನನಗೆ ಹೇಳುತ್ತಾಳೋ ಇಲ್ಲವೋ? ಅವಳು ಕೂತು ಬರೆಯುವಾಗ ಹಿಂದಿನಿಂದ ಅವಳ ಜಡೆ ನೋಡುತ್ತಾ ಇದನ್ನೇ ಯೋಚಿಸುತ್ತಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಜೊಯಿಡಾದಿಂದ ನನ್ನ ಅಕ್ಕ ಫೋನು ಮಾಡಿದಳು. ಅವಳ ಗಂಡನಿಗೆ ಅಲ್ಲಿ ತಾಲೂಕು ಕಚೇರಿಯಲ್ಲಿ ಕೆಲಸ. ಆ ಕಡೆ ಸಿಗ್ನಲ್ ಸಿಕ್ಕಾಗಷ್ಟೇ ಅವಳ ಮಾತು, ಅದೂ ತುಂಡು ತುಂಡು. "ಹುಡುಗೀನ ಕರಕೊಂಡ ಬಾ. ಹೆದರಿ ಮನಿಯಾಗ ಕುಂತ್ರ..." ಎನ್ನುವಷ್ಟರಲ್ಲಿ ಕಟ್ಟಾಯಿತು. ನಾವು ತಾಯಿ ಮಗಳು ಹೊರಟೆವು.

ಬೆಳಗಿನ ಬಸ್ಸು. ದಾಂಡೇಲಿ ದಾಟಿದ ಮೇಲೆ ಕಾಡು ಎರಡೂ ಕಡೆಯಿಂದ ರಸ್ತೆಯ ಹತ್ತಿರಕ್ಕೆ ಸರಿದು ಬರುತ್ತದೆ. ಮಂಜು ಇನ್ನೂ ಕರಗಿರಲಿಲ್ಲ. ಸಾಗವಾನಿ ಮರಗಳು ಒಂದಿಷ್ಟು ಹೊತ್ತು ಕಾಣುತ್ತಿದ್ದವು, ಒಂದಿಷ್ಟು ಹೊತ್ತು ಅವುಗಳ ನೆರಳು ಮಾತ್ರ. ಎಲ್ಲೋ ಮೇಲೆ ಮಂಗಟ್ಟೆ ಹಕ್ಕಿ ಹಾರಿದರೆ ರೆಕ್ಕೆಯ ಸದ್ದು ಬಸ್ಸಿನ ಸದ್ದಿಗಿಂತ ಹಳೆಯದು ಎನ್ನಿಸುತ್ತದೆ. ಆ ದಾರಿಯಲ್ಲಿ ಒಂದು ತಿರುವಿದೆ. ಅದನ್ನು ದಾಟಿದರೆ ಎಲ್ಲರ ಫೋನಿನ ಸಿಗ್ನಲ್ಲೂ ಒಟ್ಟಿಗೆ ಆರುತ್ತದೆ. ಯಾರದೋ ವಿಡಿಯೋದಲ್ಲಿ ಹಾಡುತ್ತಿದ್ದವಳು ಅರ್ಧ ಸಾಲಿಗೆ ನಿಂತಳು. ಮುಂದಿನ ಸೀಟಿನ ಮನುಷ್ಯ ಹಲೋ ಹಲೋ ಎಂದು ಫೋನನ್ನು ಕಿಸೆಗೆ ಹಾಕಿಕೊಂಡ. ಆಮೇಲೆ, ನಿದ್ದೆಯಿಂದ ಎದ್ದವರ ಹಾಗೆ, ಎಲ್ಲರೂ ಪಕ್ಕದವರ ಮುಖ ನೋಡತೊಡಗಿದರು.

ಕಾಡಿನ ನಡುವೆ ಒಂದು ನಿಲ್ದಾಣದಲ್ಲಿ ಒಬ್ಬ ಮುದುಕಿ ಹತ್ತಿದಳು. ಕತ್ತಿನ ತುಂಬ ಮಣಿಸರ, ತಲೆಯ ಮೇಲೆ ಗೆಣಸಿನಂಥ ಕಾಡುಗಡ್ಡೆಗಳ ಬುಟ್ಟಿ. ಬುಟ್ಟಿಯನ್ನು ನಮ್ಮ ಕಾಲ ಹತ್ತಿರ ಇಟ್ಟು ಮಗಳ ಪಕ್ಕದಲ್ಲಿ ಕೂತಳು. ಮಣ್ಣಿನ ವಾಸನೆ, ಹೊಗೆಯ ವಾಸನೆ. ಏದುಸಿರು ಇಳಿದ ಮೇಲೆ ಮಗಳ ಕಡೆ ತಿರುಗಿ ಕೊಂಕಣಿ ಬೆರೆತ ಕನ್ನಡದಲ್ಲಿ ಕೇಳಿದಳು.

"ಕೊಣಾಚೆಂ ಗೋ ಚೆಡುಂ ತೂಂ? ಯಾರ ಪೈಕಿ?"

ಮಗಳು ನನ್ನಾಚೆಯ ಕಿಟಕಿಯ ಕಡೆ ಮುಖ ತಿರುಗಿಸಿದಳು. ನನ್ನ ಸೆರಗಿನ ಅಂಚು ಅವಳ ಮುಷ್ಟಿಯಲ್ಲಿತ್ತು. ಮುದುಕಿ ನನ್ನ ಕಡೆ ನೋಡಿದಳು.

"ಹುಡುಗೀಗೆ ಬಾಯಿ ಇಲ್ಲ ಕಾಯ್?"

"ಐತಿ ಆಯಿ. ಈಗ ಸ್ವಲ್ಪ ಬಂದ್ ಐತಿ."

"ಇರಲಿ, ಇರಲಿ," ಎಂದು ಮುದುಕಿ ತನ್ನ ಸುದ್ದಿ ತಾನೇ ಹೇಳತೊಡಗಿದಳು. ಯಾರೂ ಕೇಳಿರಲಿಲ್ಲ. ತಾನು ಯಾರ ಮನೆಯವಳು, ಮಗಳನ್ನು ಕಾಡಿನ ಯಾವ ಕೇರಿಗೆ ಕೊಟ್ಟಿದ್ದಾಳೆ, ಈ ಗಡ್ಡೆ ಯಾರಿಗೆ, ಅಳಿಯ ಅರಣ್ಯದ ಗೇಟಿನಲ್ಲಿ ಕೆಲಸಕ್ಕಿದ್ದಾನೆ ಎಂಬುದು.

ಮುಂದಿನ ಸೀಟಿನ ಮನುಷ್ಯ ತಿರುಗಿದ. "ಗೇಟಿನಾಗ ಇರಾಂವ ನಿನ್ನ ಅಳಿಯಾ ಎಲ್ಲಿ ಆಯಿ? ಅಳಿಯನ ತಮ್ಮಲ್ಲ ಅಂವ?"

"ತಮ್ಮ ಆದ್ರೇನ, ನಂದಽ ಅನ್ನ ತಿಂತಾನ."

ಹಿಂದಿನಿಂದ ಕಂಡಕ್ಟರ್ ಟಿಕೆಟ್ ಹರಿಯುತ್ತಲೇ, "ಆಯಿ, ಹೋದ ವಾರ ಅಂವ ನಿನ್ನ ಅನ್ನ ತಿಂದು ಹೊಟ್ಟಿ ಹಿಡಕೊಂಡ ಇದಽ ಬಸ್ಸಿಗೆ ಬಂದಿದ್ದ" ಎಂದ. ಬಸ್ಸು ನಕ್ಕಿತು. ಮುದುಕಿ ಕಂಡಕ್ಟರನಿಗೆ ಅವನ ತಾಯಿಯ ತವರನ್ನು ಹೆಸರಿಸಿ, ನಿಮ್ಮಲ್ಲಿ ಯಾರಿಗೂ ಅಡುಗೆಯೇ ಬರುವುದಿಲ್ಲ ಎಂದು ಹೇಳಿದಳು. ಮತ್ತೂ ನಕ್ಕರು. ನನ್ನ ಮಗಳು ನಗಲಿಲ್ಲ. ಆದರೆ ಕಿಟಕಿ ಬಿಟ್ಟು ಜನರ ಕಡೆ ತಿರುಗಿದ್ದಳು. ಯಾರು ಮಾತಾಡಿದರೆ ಅವರ ಬಾಯಿಯನ್ನೇ ನೋಡುತ್ತಿದ್ದಳು.

ನಾನು ಗಾಜಿಗೆ ತಲೆ ಆನಿಸಿ ಕೂತಿದ್ದೆ. ಕಣ್ಣು ಅರ್ಧ ಮುಚ್ಚಿತ್ತು. ಮಂಜು, ಮರ, ಮಾತು ಎಲ್ಲ ಒಂದರೊಳಗೊಂದು ಸೇರಿಕೊಂಡು ಹೋಗುತ್ತಿದ್ದವು. ಆ ಜೊಂಪಿನಲ್ಲೇ ಒಂದು ವಿಷಯ ಹೊಳೆಯಿತು. ಎದ್ದು ಕೂತೆ. ಮಗಳಿಗೆ ಬಸ್ಸಿನಲ್ಲಿ ಏನೂ ಹೇಳಲಿಲ್ಲ.

ಅಕ್ಕನ ಮನೆಯ ಹಿಂದೆ ಕಲ್ಲಿನ ಮೆಟ್ಟಿಲಿದೆ. ಅಲ್ಲಿಂದ ಇಳಿದರೆ ನಾಲ್ಕು ಪೇರಲ ಗಿಡ, ಆಮೇಲೆ ಕಾಡು. ಊಟವಾದ ಮೇಲೆ ಮಗಳು ಅಲ್ಲಿ ಕೂತಿದ್ದಳು. ನಾನೂ ಹೋಗಿ ಕೂತೆ. ಬೆಳಕು ಎಲೆಗಳ ನಡುವೆ ಸಣ್ಣ ಸಣ್ಣ ಕಾಸಿನಂತೆ ಬಿದ್ದು ಅಲ್ಲಾಡುತ್ತಿತ್ತು. ಬುದ್ಧಿ ಹೇಳಲು ಬಾಯಿ ತುಂಬ ಮಾತಿತ್ತು. ಅದನ್ನೆಲ್ಲ ನುಂಗಿ, ಅಲ್ಲಿಯವರೆಗೆ ಒಮ್ಮೆಯೂ ಕೇಳದಿದ್ದ ಒಂದು ಮಾತು ಕೇಳಿದೆ.

"ಆ ಆಟದಾಗ ಎಂಥಾ ಮನಿ ಕಟ್ಟಿದ್ದಿ?"

ಅವಳು ಅನುಮಾನದಿಂದ ನೋಡಿದಳು. "ಯಾಕ?"

"ಸುಮ್ನ. ನಾ ನೋಡೇ ಇಲ್ಲಲ್ಲ."

ಕೆಳಗೆ ಬಿದ್ದಿದ್ದ ಪೇರಲದ ಎಲೆಯೊಂದನ್ನು ಎತ್ತಿಕೊಂಡು ಶುರು ಮಾಡಿದಳು. ಮನೆ ನೀರಿನ ದಂಡೆಯ ಮೇಲಿತ್ತಂತೆ. ಕಿಟಕಿಗಳೆಲ್ಲ ನೀರಿನ ಕಡೆಗೆ. ಸೂರ್ಯ ಮುಳುಗಿದರೆ ಮನೆಯೊಳಗಿನ ಗೋಡೆಯೆಲ್ಲ ಕಿತ್ತಳೆ ಆಗುತ್ತಿತ್ತಂತೆ. ಮಾಳಿಗೆಯ ಮೇಲೆ ನೀಲಿ ಹೂವಿನ ತೋಟ. "ಅದು ಆ ಅಕ್ಕ ಹಚ್ಚಿದ್ಲು," ಎಂದು ಹೇಳಿ ನಿಲ್ಲಿಸಿದಳು. ನನ್ನ ಮುಖ ನೋಡಿದಳು. ನಾನು ಮುಖವನ್ನು ಹೇಗಿತ್ತೋ ಹಾಗೇ ಇಟ್ಟುಕೊಂಡೆ. ನನ್ನ ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ಬಹಳ ಮಾಡಿಲ್ಲ.

"ಅವ್ವಾ, ಆಕಿ ಖರೇನ ಅಕ್ಕ ಹೌದೋ ಅಲ್ಲೋ?"

"ಗೊತ್ತಿಲ್ಲ."

"ಖರೇನ ಅಕ್ಕ ಇದ್ರ? ನಾ ಹೇಳದ ಕೇಳದ ಬಿಟ್ಟ ಬಂದೆ ಅಂತ ಆಕಿಗೆ ಕೆಟ್ಟ ಅನಸ್ತೈತಿ."

ಆಗ ನನಗೆ ತಿಳಿದದ್ದು ಇದು. ಇಷ್ಟು ದಿನ ಅವಳು ಸುಮ್ಮನಿದ್ದದ್ದು ಬರೀ ಹೆದರಿ ಅಲ್ಲ. ಅವಳಿಗೆ ಆ ಅಕ್ಕನ ನೆನಪಾಗುತ್ತಿತ್ತು. ಅದನ್ನು ಹೇಳಿದರೆ ನಾನು ಮತ್ತೆ ಕೂಗಾಡುತ್ತೇನೆಂದು ಒಳಗೇ ಇಟ್ಟುಕೊಂಡಿದ್ದಳು.

"ಖರೇನ ಅಕ್ಕ ಇದ್ರ ಅವ್ವಗ ಹೇಳಬ್ಯಾಡ ಅಂತಿದ್ದಿಲ್ಲ," ಎಂದೆ. "ನಿನ್ನ ದೊಡ್ಡವ್ವ ನಿನಗ ಹಂಗ ಯಾವಾಗರೆ ಅಂದಾಳೇನ?"

"ಅಂದಾಳ. ಸಾಂಬಾರ ಕೆಟ್ಟೈತಿ, ನಿಮ್ಮವ್ವಗ ಹೇಳಬ್ಯಾಡ ಅಂತ."

ಒಳಗಿನಿಂದ ಅಕ್ಕನ ದನಿ ಬಂತು. "ಹೇಳೇಬಿಟ್ಟಿಯಲ್ಲ, ಹರಕಬಾಯೀ."

ಮಗಳು ನಕ್ಕಳು. ಎಷ್ಟೋ ವಾರದ ಮೇಲೆ. ನಾನು ಆ ಸಂದು ಬಿಡಲಿಲ್ಲ.

"ನೋಡು, ಬಸ್ಸಿನಾಗ ಆ ಆಯಿ ಮಾತಾಡಿದ್ಲಲ್ಲ, ಎಷ್ಟ ಮಂದಿ ಕೇಳಿದ್ರು?"

"ಬಸ್ಸಿಗೆ ಬಸ್ಸಽ ಕೇಳ್ತು."

"ಅಳಿಯಾ ಅಂದ್ರ ಅಳಿಯಾ ಅಲ್ಲ, ಅಳಿಯನ ತಮ್ಮ ಅಂತ ಒಬ್ಬಾಂವ ಅಂದ. ಕಂಡಕ್ಟರ್ ಇನ್ನೊಂದು ಅಂದ. ಆಕಿ ಸುಳ್ಳ ಹೇಳಿದ್ರ ಅಲ್ಲೇ ಹಿಡೀತಿದ್ರು. ಯಾರ ಪೈಕಿ ಅಂತ ನಿನ್ನ ಕೇಳಿದಾಗೂ ಬಾಜೂಕ ನಾ ಇದ್ದೆ. ಫೋನಿನಾಗ ಕೇಳಿದ್ರ ಯಾರ ಕೇಳಿಸ್ಕೋತಾರ?"

ಅವಳು ಪೇರಲದ ಎಲೆ ಹರಿಯುತ್ತಾ ಯೋಚಿಸಿದಳು. "ಆಕಿ ಒಬ್ಬಾಕಿನ."

"ಮತ್ತ?"

"ಮತ್ತ ಹಂಗಾರ ನಾ ಯಾರಿಗೂ ಏನೂ ಹೇಳಬಾರದೇನ? ಗ್ಯಾರೇಜ್ ಕಾಕಾಗೂ?"

"ಕಾಕಾಗ ಹೇಳು. ಓಣಿ ತುಂಬಾ ಕೇಳ್ತೈತಿ, ಅವರ ದನಿ ಗೊತ್ತಲ್ಲ ನಿನಗ. ಫೋನಿನಾಗ ಯಾರರೆ ಕೇಳಿದ್ರ ಮಾತ್ರ ಉತ್ತರ ಬರೀಬ್ಯಾಡ. ಜೋರಾಗಿ ಓದಿ ಹೇಳು. ನಾ ಇದ್ರ ನನಗ, ಅಪ್ಪ ಇದ್ರ ಅಪ್ಪಗ. ಬಸ್ಸಿನಾಗ ಕೇಳಿದಂಗ ಎಲ್ಲಾರಿಗೂ ಕೇಳ್ಲಿ."

"ಬೈತಿ ನೀ."

"ಬೈಯೂದಿಲ್ಲ."

"ಬೈತಿ. ನಿನ್ನ ಮೂಗ ಈಗಽ ಕೆಂಪಗಾಗೈತಿ."

"ಅದು ಚಳಿಗೆ," ಎಂದೆ. ಅವಳು ನಂಬಲಿಲ್ಲ. ನಂಬುವಂತೆ ನಾನೂ ಹೇಳಿರಲಿಲ್ಲ. ಮಾತು ಅಲ್ಲಿಗೇ ನಿಂತಿತು. ಅವಳು ಹೂಂ ಎನ್ನಲೂ ಇಲ್ಲ, ಒಲ್ಲೆ ಎನ್ನಲೂ ಇಲ್ಲ. ಸಂಜೆಯ ಬಸ್ಸಿಗೆ ಹಿಂದಿರುಗಿದೆವು. ಅದೇ ತಿರುವಿನಲ್ಲಿ ಎಲ್ಲರ ಕಿಸೆಗಳೂ ಒಟ್ಟಿಗೆ ಗುಂಯ್‌ಗುಟ್ಟಿದವು.

ಫೋನನ್ನು ಅವಳಿಗೆ ಮತ್ತೆ ಕೊಟ್ಟೆವು. ಕೊಡದಿದ್ದರೆ ಗೆಳತಿಯರ ಮನೆಯಲ್ಲಿ ನೋಡುತ್ತಾಳೆ, ಅಲ್ಲಿ ನಾನಿರುವುದಿಲ್ಲ. ನಡುಮನೆಯಲ್ಲಿ ಕೂತೇ ನೋಡಬೇಕು ಎಂದು ಮಾತಾಯಿತು. ಆಟದ ಮಾತಿನ ಕಿಂಡಿ ಮುಚ್ಚುವುದು ಹೇಗೆಂದು ಗಂಡ ಮಿಲ್ಲಿನ ಹುಡುಗರನ್ನು ಕೇಳಿಕೊಂಡು ಬಂದು ಮುಚ್ಚಿದರು. ಅವಳಾಗಿಯೇ ಆ ಆಟ ಬಿಟ್ಟು ಚಿತ್ರ ಬಿಡಿಸುವ ಇನ್ನೊಂದು ಆಪ್ ಹಿಡಿದಳು. ಹೊರಗಿನವರೊಂದಿಗೆ ಮಾತು ಮೆಲ್ಲಗೆ ಮರಳಿತು. ಹಾಲಿನವನಿಗೆ ಹೂಂ, ಕಾಕಾನಿಗೆ ಎರಡು ಮಾತು. ಆದರೆ ನನ್ನ ಪ್ರಶ್ನೆ ಹಾಗೇ ಇತ್ತು. ಬಂದರೆ ಹೇಳುತ್ತಾಳೋ? ಕೇಳಿ ತಿಳಿಯುವ ಪ್ರಶ್ನೆಯಲ್ಲ ಅದು. ಕಾಯಬೇಕು. ಕಾಯುವುದೆಂದರೆ, ಕೆಟ್ಟದ್ದು ಇನ್ನೊಮ್ಮೆ ಬಾಗಿಲು ತಟ್ಟುವುದನ್ನೇ ಕಾಯಬೇಕು. ಎಂಥ ವಿಚಿತ್ರ ನೋಡಿ.

ಬಿಸಿಲು ಬಲಿತ ಮೇಲೆ ನಮ್ಮ ಓಣಿಯ ಹೆಂಗಸರು ಮಾಳಿಗೆಯ ಮೇಲೆ ಹಪ್ಪಳ ಮಾಡಲು ಸೇರುತ್ತೇವೆ. ಆ ದಿನವೂ ಸೇರಿದ್ದೆವು. ಹಳೆಯ ಸೀರೆಗಳನ್ನು ಹಾಸಿ, ನಾಲ್ಕು ಮೂಲೆಗೆ ಕಲ್ಲು. ಗಾಳಿಯಲ್ಲಿ ಉದ್ದಿನ ವಾಸನೆ. ಹಪ್ಪಳಗಳು ಹಗಲಿನ ಚಂದ್ರರ ಹಾಗೆ ಒಂದರ ಪಕ್ಕ ಒಂದು ಒಣಗುತ್ತಿದ್ದವು. ಮುಂಡಗೋಡದಿಂದ ಮದುವೆಯಾಗಿ ಬಂದ ಪಕ್ಕದ ಮನೆಯವಳು ಉಂಡೆ ಮಾಡುತ್ತಿದ್ದಳು, ಗ್ಯಾರೇಜ್ ಕಾಕಾನ ಹೆಂಡತಿ ಭಾಭಿ ಲಟ್ಟಿಸುತ್ತಿದ್ದಳು, ನಾನು ಒಣಹಾಕುತ್ತಿದ್ದೆ. ಅಷ್ಟರಲ್ಲಿ ಮಗಳು ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ಫೋನು. ಮಾಳಿಗೆಯ ನಡುವೆ ನಿಂತು ದೊಡ್ಡ ದನಿಯಲ್ಲಿ ಓದಿದಳು.

"ನಿನ್ನ ಚಿತ್ರ ಭಾಳ ಚಂದ ಅದಾವು. ನೀ ಯಾವ ಸಾಲಿ? ನಿಂದೊಂದು ಫೋಟೋ ಕಳಸು."

ಭಾಭಿಯ ಲಟ್ಟಣಿಗೆ ನಿಂತಿತು. "ಯಾರ್ ಬೇಟಾ ಅದು?"

"ಗೊತ್ತಿಲ್ಲ. ಹೆಸರಿನ ಜಾಗಾದಾಗ ಒಂದು ಹುಲಿ ಐತಿ."

"ಹುಲಿಗೆ ಯಾಕ ಬೇಕಂತ ನಿನ್ನ ಸಾಲಿ," ಎಂದಳು ಮುಂಡಗೋಡದವಳು. "ಆರನೇ ಕ್ಲಾಸಿಗೆ ಸೇರತೈತೇನ?"

"ಅದ್ರ ಫೋಟೋ ಮೊದಲ ಕಳಸಾಕ ಹೇಳ," ಎಂದಳು ಭಾಭಿ. "ಮೀಸಿ ಐತೋ ಇಲ್ಲೋ ನೋಡೂಣು."

"ನಾ ಏನೂ ಬರಿಯೂದಿಲ್ಲ," ಎಂದಳು ಮಗಳು. "ಓದಿ ಹೇಳಬೇಕಿತ್ತು, ಹೇಳಿದೆ."

ನನ್ನ ಹತ್ತಿರ ಬಂದು ಕೂತು ಫೋನು ತೋರಿಸಿದಳು. ಬಂದ ಮಾತಿನ ಫೋಟೋ ತೆಗೆದಿಟ್ಟುಕೊಳ್ಳುವುದು ಎಲ್ಲಿ, ಬ್ಲಾಕ್ ಮಾಡುವುದು ಎಲ್ಲಿ ಎಂದು ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಎರಡನ್ನೂ ನನ್ನ ಮುಂದೆಯೇ ಮಾಡಿದಳು. ನಾನು ಅವಳ ಮುಖ ನೋಡಲಿಲ್ಲ. ನೋಡಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ, ಅವಳು ಮತ್ತೆ ಹೆದರುತ್ತಿದ್ದಳು. ಕೈಯಲ್ಲಿದ್ದ ಹಪ್ಪಳವನ್ನು ಸೀರೆಯ ಮೇಲೆ ಹಾಸಿದೆ. ಅದು ಮಡಚಿ ಬಿತ್ತು. ಬಿಡಿಸಿ ಮತ್ತೆ ಹಾಸಿದೆ.

"ಬೈಲಿಲ್ಲ ನೀ," ಎಂದಳು, ಹಸಿ ಹಿಟ್ಟಿನ ಉಂಡೆಯೊಂದನ್ನು ಬಾಯಿಗೆ ಹಾಕಿಕೊಳ್ಳುತ್ತಾ.

"ಹಿಟ್ಟ ತಿಂದ್ರ ಬೈತೇನಿ," ಎಂದೆ.

ಅವಳು ಇನ್ನೊಂದು ಉಂಡೆ ಎತ್ತಿಕೊಂಡು ಕೆಳಗೆ ಓಡಿದಳು. ಭಾಭಿ ಅವಳನ್ನು ನೋಡಿ ಏನೋ ಅಂದಳು, ನನಗೆ ಕೇಳಿಸಲಿಲ್ಲ. ಮಿಲ್ಲಿನ ಹಬೆ ಬಿಸಿಲಿನಲ್ಲಿ ಬಿಚ್ಚಿಕೊಳ್ಳುತ್ತಿತ್ತು, ಮತ್ತು ನಾನು ಬಹಳ ದಿನಗಳ ನಂತರ ಅದನ್ನು ಸುಮ್ಮನೆ ನೋಡುತ್ತಾ ಕೂತೆ.

ಇದನ್ನು ಇಲ್ಲಿ ಹಾಕುವ ಮೊದಲು ಮಗಳಿಗೆ ಪೂರ್ತಿ ಓದಿ ಹೇಳಿದ್ದೇನೆ. ಓಣಿ, ಅಪ್ಪನ ಕೆಲಸ ಬದಲಿಸು ಎಂದಳು, ಬದಲಿಸಿದ್ದೇನೆ. ಹಿಟ್ಟು ತಿಂದದ್ದನ್ನು ತೆಗೆ ಎಂದಳು, ತೆಗೆದಿಲ್ಲ. ಈಗ ನೀವು ಹೇಳಿ. ನಿಮ್ಮ ಮಕ್ಕಳು ಎಂಥ ಒಳ್ಳೆಯ ಅಭ್ಯಾಸದಿಂದ ಎಡವಿದರು? ಅವರು ಮೊದಲು ಯಾರ ಹತ್ತಿರ ಬಾಯಿಬಿಟ್ಟರು, ನಿಮ್ಮ ಹತ್ತಿರವೋ, ಬೇರೆಯವರ ಹತ್ತಿರವೋ? ನೀವು ಆಗ ಏನಂದಿರಿ? ಕೂಗಾಡಿದ್ದರೆ ಅದನ್ನೂ ಬರೆಯಿರಿ, ಮುಚ್ಚಿಡಬೇಡಿ. ಮಕ್ಕಳ ಹೆಸರು, ಶಾಲೆ, ಓಣಿ ಮಾತ್ರ ಬಿಟ್ಟು, ಉಳಿದದ್ದನ್ನೆಲ್ಲ ಕೆಳಗೆ ಬರೆಯಿರಿ. ನಾನು ಓದುತ್ತೇನೆ, ಜೋರಾಗಿ, ಮಗಳಿಗೂ ಕೇಳುವ ಹಾಗೆ.